ಕೇಳುವವನ ಎಚ್ಚರ

ಉಪವಾಸದ ದಿನ ನಾಲಗೆಯನ್ನು ಕಟ್ಟುವುದು ಅಭ್ಯಾಸದಿಂದ ಸಾಧ್ಯವಾಗುತ್ತದೆ. ಕಿವಿಯನ್ನು ಕಾಯುವುದು ಅಷ್ಟು ಸುಲಭವಲ್ಲ. ಕಚೇರಿಯಲ್ಲಿ ದುಡಿಯುವ ಶ್ರಾವಕರಿಗೆ ಇದು ಹೊಸ ಮಾತೇನೂ ಅಲ್ಲ. ಸಹೋದ್ಯೋಗಿಯೊಬ್ಬರು ನಿತ್ಯವೂ ಅದೇ ದೂರು, ಅದೇ ನಿಂದೆಯನ್ನು ಹೊತ್ತು ಬರುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೇಳುವವನ ಮನಸ್ಸು ಎತ್ತಲೋ ಹೋಗಿರುತ್ತದೆ. ತಲೆ ಮಾತ್ರ ತಾನಾಗಿ ಆಡುತ್ತಿರುತ್ತದೆ. ಇಂಥ ದಣಿವಿನಲ್ಲಿ ಎಚ್ಚರ ತಪ್ಪಿದರೆ ಅದು ದೋಷವೇ?

ನನ್ನಿಂದಾದ ತಪ್ಪೊಂದನ್ನು ಹೇಳುತ್ತೇನೆ. ಅಂದು ಅಷ್ಟಮಿ, ಏಕಭುಕ್ತದಲ್ಲಿದ್ದೆ. ಸಂಜೆಯ ಹೊತ್ತಿಗೆ ಆ ಸಹೋದ್ಯೋಗಿ ಬಂದು ಕಿರಿಯ ಗುಮಾಸ್ತನೊಬ್ಬನ ಪ್ರಾಮಾಣಿಕತೆಯ ಬಗ್ಗೆ ಸಂಶಯದ ಮಾತನ್ನಾಡಿದರು. ಬೇಗ ಮುಗಿಯಲೆಂದು "ಹೌದು, ಹೌದು" ಎಂದೆ. ಯಾವುದಕ್ಕೆ ಹೌದೆಂದೆನೋ ನನಗೇ ತಿಳಿಯದು. ಮೂರು ದಿನಗಳ ನಂತರ ಆ ಸಂಶಯ ಮೇಲಧಿಕಾರಿಯವರೆಗೆ ಹೋಯಿತು. ನನ್ನ ಒಪ್ಪಿಗೆಯೂ ಅದರ ಜೊತೆಗೆ ಹೋಯಿತು. "ತಾವೂ ಹಾಗೆಯೇ ಎಂದಿರಾ?" ಎಂದು ಆ ಹುಡುಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಧಿಕಾರಿಯ ಬಳಿ ನಿಜವನ್ನು ಒಪ್ಪಿಕೊಂಡೆ, ಸಂಶಯ ಕರಗಿತು. ಆದರೆ ಆ ಹುಡುಗ ಮತ್ತೆ ಮೊದಲಿನಂತೆ ನನ್ನೊಡನೆ ನಗಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಪ್ರಮಾದದ 15 ಭೇದಗಳಲ್ಲಿ ವಿಕಥೆಗಳೇ ನಾಲ್ಕು. ವಿಕಥೆಯನ್ನು ಆಡುವವನಿಗೆ ಮಾತ್ರ ದೋಷವೆಂದು ನಾನು ತಿಳಿದಿದ್ದೆ. ಅರೆಮನಸ್ಸಿನ ಹೂಂಕಾರವೂ ಅದಕ್ಕೆ ಎಣ್ಣೆ ಎರೆಯುತ್ತದೆಂದು ಅಂದು ಅರಿತೆ.

ಹಾಗಾದರೆ ಅಂಥವರನ್ನು ದೂರವಿಡಬೇಕೇ? ಅದೇ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ ನಾಲ್ಕು ಭಾವನೆಗಳಿವೆ. ಕ್ಲೇಶಪಡುವವರಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ. ನಮ್ಮ ತೊಡಕು ಇಲ್ಲಿಯೇ ಇದೆ: ಎದುರಿಗಿರುವ ಒಬ್ಬನೇ ವ್ಯಕ್ತಿಯಲ್ಲಿ ಕ್ಲೇಶವೂ ಇದೆ, ಅವಿನಯವೂ ಇದೆ. ಅವರ ನೋವಿಗೆ ಕಿವಿಗೊಡುವುದು ಕಾರುಣ್ಯ. ಪರನಿಂದೆಗೆ ತಲೆಯಾಡಿಸದಿರುವುದು ಮಾಧ್ಯಸ್ಥ್ಯ. ಎರಡನ್ನೂ ಬೇರ್ಪಡಿಸಿ ನೋಡಲು ಎಚ್ಚರ ಬೇಕು. ಮಾಧ್ಯಸ್ಥ್ಯವೆಂದರೆ ಮನಸ್ಸನ್ನು ಬೇರೆಡೆಗೆ ಕಳುಹಿಸುವುದಲ್ಲ. ಅಲ್ಲಿಯೇ ಇದ್ದು ರಾಗದ್ವೇಷಗಳಿಗೆ ಎಡೆಗೊಡದಿರುವುದು.

ಆದರೆ ದೇಹಕ್ಕೆ ಶಕ್ತಿಯ ಮಿತಿಯುಂಟು. ದೇಶವ್ರತದಲ್ಲಿ ಶ್ರಾವಕನು ಇಷ್ಟು ಕಾಲ, ಇಷ್ಟು ಕ್ಷೇತ್ರವೆಂದು ತನ್ನ ಸಂಚಾರಕ್ಕೆ ಗಡಿ ಹಾಕಿಕೊಳ್ಳುತ್ತಾನೆ. ಕೇಳುವಿಕೆಗೂ ಅಂಥದೊಂದು ಗಡಿ ಸಲ್ಲದೇ? "ಹತ್ತು ನಿಮಿಷ ಕೇಳುತ್ತೇನೆ, ಆಮೇಲೆ ಕೆಲಸವಿದೆ" ಎಂದು ಮೊದಲೇ ಹೇಳುವುದು ನಿಷ್ಠುರವಲ್ಲ, ಸತ್ಯ. ಆ ಹತ್ತು ನಿಮಿಷ ನೆಟ್ಟಗೆ ಕುಳಿತು, ಉಸಿರಿನ ಮೇಲೆ ಗಮನವಿಟ್ಟು, ಕೇಳಿದ್ದನ್ನು ಒಮ್ಮೆ ನಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಮನಸ್ಸು ಅಲೆಯದು. ಮೂರನೆಯವನ ಮಾತು ಬಂದಾಗ "ಅದು ನಾನು ಕಂಡದ್ದಲ್ಲ" ಎಂದರೆ ಸಾಕು.

ಆ ಸಹೋದ್ಯೋಗಿ ಈಗಲೂ ಬರುತ್ತಾರೆ. ನನಗೆ ದಣಿವೂ ಆಗುತ್ತದೆ. ಆದರೆ ಅರಿಯದೆ "ಹೌದು" ಎನ್ನುವುದಿಲ್ಲವೆಂಬ ಸಣ್ಣ ನಿಯಮವೊಂದನ್ನು ಪಾಲಿಸುತ್ತಿದ್ದೇನೆ. ಅನ್ನವನ್ನು ಬಿಟ್ಟ ಅನೇಕ ದಿನಗಳಿಗಿಂತ ಅದು ನನಗೆ ಕಠಿಣವಾಗಿದೆ.