ಹಿಟ್ಟಿನ ಕೋಳಿ, ತಗಡಿನ ವಿಮಾನ

ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಬಳಿಕ ಶ್ರಾವಕರೊಬ್ಬರು ತಮ್ಮ ಸಂದೇಹವೊಂದನ್ನು ಮುಂದಿಟ್ಟರು. ಅವರ ಮಗನು ಎರಡು ವರ್ಷಗಳಿಂದ ಸ್ಪಿಟ್‌ಫೈರ್ ಎಂಬ ಹಳೆಯ ಯುದ್ಧವಿಮಾನದ ಕಿರುಮಾದರಿಯನ್ನು ನಿರ್ಮಿಸುತ್ತಿದ್ದಾನೆ. ಪೆಟ್ಟಿಗೆಯಲ್ಲಿ ಬರುವ ಸಿದ್ಧಭಾಗಗಳನ್ನು ಅಂಟಿಸುವ ಕೆಲಸವಲ್ಲ. ನಕ್ಷೆಗಳನ್ನು ಅಳೆದು, ಮರವನ್ನೂ ಅಲ್ಯುಮಿನಿಯಂ ತಗಡನ್ನೂ ಕತ್ತರಿಸಿ, ಪ್ರತಿಯೊಂದು ಅಂಗವನ್ನೂ ತಾನೇ ರೂಪಿಸುವ ಕೆಲಸ. ಈಗ ರೆಕ್ಕೆಗಳಿಗೆ ಎಂಟು ಕೋವಿಗಳನ್ನು ಜೋಡಿಸುವ ಸರದಿ ಬಂದಿದೆ. ಅಹಿಂಸೆಯನ್ನು ವ್ರತವಾಗಿ ಹಿಡಿದ ಮನೆಯಲ್ಲಿ ಇದು ಸಲ್ಲುವುದೇ ಎಂಬುದು ತಂದೆಯ ಪ್ರಶ್ನೆ.

"ಆಟಿಕೆಯಲ್ಲವೇ, ಬಿಡಿ" ಎಂದು ಅಲ್ಲಿದ್ದವರೊಬ್ಬರು ನಕ್ಕರು. ಯಶೋಧರನ ಕಥೆಯನ್ನು ಬಲ್ಲವರಿಗೆ ಆ ಉತ್ತರ ಸಾಲದು. ಜನ್ನನ ಕಾವ್ಯದಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನಷ್ಟೆ. ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ತಾಯಿಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಪ್ರತಿಕೃತಿ ಎಂಬ ಮಾತ್ರಕ್ಕೆ ದೋಷ ತಪ್ಪದು.

ಮಾದರಿಕಾರನ ಸಂಕಲ್ಪವಾದರೂ ಯಾವುದು? ಇಂಗ್ಲೆಂಡಿನ ಡೇವಿಡ್ ಗ್ಲೆನ್ ಅವರು ಇದೇ ವಿಮಾನದ ನಂತರದ ಆವೃತ್ತಿಯೊಂದನ್ನು ಮೂಲದ ಐದನೆಯ ಒಂದು ಅಳತೆಯಲ್ಲಿ ನಿರ್ಮಿಸಲು 11 ವರ್ಷಗಳಿಗೂ ಹೆಚ್ಚು ಕಾಲ ದುಡಿದರು. ಮೂಲ ವಿಮಾನದ ರೆಕ್ಕೆಗಳ ಹರವು 11.23 ಮೀಟರ್, ಮಾದರಿಯದು ಸುಮಾರು ಎರಡೂಕಾಲು ಮೀಟರ್. ತೆಳುವಾದ ತಗಡಿನ ಹೊದಿಕೆ, ಅದರ ಮೇಲೆ ಸಾವಿರಾರು ರಿವೆಟ್‌ಗಳು. ಪ್ರಮಾದವನ್ನೇ ಹಿಂಸೆಯ ಮೂಲವೆಂದು ತಿಳಿದ ನಾವು ಇಂತಹ ಅಪ್ರಮತ್ತತೆಯನ್ನು ಹಗುರವಾಗಿ ಕಾಣಲಾಗದು. (ಅದೇ ಶ್ರದ್ಧೆ ಮೂರ್ಛೆಯಾಗಿ ತಿರುಗಿ, ಮಗುವೊಂದು ಮಾದರಿಯನ್ನು ಮುಟ್ಟಿದರೆ ಕ್ರೋಧ ಉಕ್ಕುವುದೂ ಉಂಟು. ಅದು ಪರಿಗ್ರಹದ ವಿಷಯ, ಇಲ್ಲಿ ಬೆಳೆಸುವುದಿಲ್ಲ.)

"ಹಾಗಾದರೆ ಕೋವಿಗಳನ್ನು ಮಾತ್ರ ಕೈಬಿಡಲಿ" ಎಂದರು ತಂದೆ. ಇಲ್ಲಿಯೇ ತೊಡಕಿದೆ. 1936ರ ಮಾರ್ಚ್ 5ರಂದು ಮೊದಲು ಹಾರಿದ ಈ ವಿಮಾನದ ರೆಕ್ಕೆ ದೀರ್ಘವೃತ್ತಾಕಾರದ್ದು. ಅದರ ಸೊಬಗನ್ನು ಮೆಚ್ಚದವರಿಲ್ಲ. ಆದರೆ ಆ ಆಕಾರವನ್ನು ಆರಿಸಿದ್ದು ಸೊಬಗಿಗಾಗಿ ಅಲ್ಲ. ರೆಕ್ಕೆ ಅತ್ಯಂತ ತೆಳುವಾಗಿರಬೇಕು, ಆದರೂ ಅದರೊಳಗೆ ಚಕ್ರಗಳೂ ಕೋವಿಗಳೂ ಗುಂಡಿನ ಪೆಟ್ಟಿಗೆಗಳೂ ಹಿಡಿಸಬೇಕು ಎಂಬ ಲೆಕ್ಕಾಚಾರದಿಂದ ಹುಟ್ಟಿದ ರೂಪ ಅದು. ವಿನ್ಯಾಸಕ ಮಿಚೆಲ್ ಯುದ್ಧವನ್ನು ಕಾಣಲಿಲ್ಲ, 1937ರಲ್ಲಿಯೇ 42ರ ವಯಸ್ಸಿನಲ್ಲಿ ತೀರಿಕೊಂಡರು. ಕೋವಿಯನ್ನು ಕಿತ್ತು ರೆಕ್ಕೆಯನ್ನು ಮಾತ್ರ ಇರಿಸಿಕೊಂಡರೆ, ಚೆಲುವು ಎಲ್ಲಿಂದ ಬಂತೆಂಬುದನ್ನು ಮುಚ್ಚಿಟ್ಟಂತಾಗುತ್ತದೆ. ಅಹಿಂಸೆಯ ಹೆಸರಿನಲ್ಲಿ ಸತ್ಯಕ್ಕೆ ಊನ ತರುವುದು ನನಗೆ ಒಪ್ಪಿತವಲ್ಲ.

ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದು ಇದಕ್ಕೆ ಅನ್ವಯಿಸದು. ಈ ಕೋವಿ ಯಾರನ್ನೂ ಕೊಲ್ಲಲಾರದು. ಅಪಧ್ಯಾನದ ಮಾತು ಬೇರೆ. ಆದ್ದರಿಂದ, ಕೋವಿಯ ನಳಿಗೆಯನ್ನು ಅರದಿಂದ ಉಜ್ಜುವಾಗ ಮನಸ್ಸು ಎಲ್ಲಿರುತ್ತದೆಂದು ಮಗನನ್ನೇ ಕೇಳಿರೆಂದೆ.

ಮುಂದಿನ ವಾರ ಅವರು ಉತ್ತರ ತಂದರು: "ಅಳತೆಯ ಹೊರತು ಬೇರೇನೂ ನೆನಪಿಗೆ ಬರುವುದಿಲ್ಲವಂತೆ." ತಂದೆಗೆ ಸಮಾಧಾನವಾಗಿತ್ತು. ನನಗೆ ಪೂರ್ತಿಯಾಗಲಿಲ್ಲ, ಕಾರ್ಖಾನೆಯಲ್ಲಿ ನಿಜವಾದ ಕೋವಿಗಳನ್ನು ತಯಾರಿಸಿದವರೂ ಇದೇ ಮಾತನ್ನು ಹೇಳಿದ್ದಾರು. ಬರುವ ಚತುರ್ದಶಿಯಂದು ಹುಡುಗನನ್ನೇ ಕರೆತರಲು ಹೇಳಿದ್ದೇನೆ.