ಬಡಗಿಯ ಕೈ ಬಿಗಿದಾಗ

ವಕ್ಕಲೇರಿ ಕಡೆಯ ಬದುಕೆಲ್ಲ ಬೆರಳಿನ ಕೆಲಸ. ಟೊಮೆಟೊ ಕೀಳಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊತ್ತಿಗೆ ಸರಿಯಾಗಿ ಹಾಲು ಕರೆದು ಡೇರಿಗೆ ಹಾಕಬೇಕು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಂತೂ ಕಲ್ಲು ದೇವರಾಗುವುದೇ ಉಳಿ ಹಿಡಿದ ಕೈಯಿಂದ. ಇಂಥ ಕಡೆ ಸ್ಕಿಜೋಫ್ರೇನಿಯಾಗೆ ಮಾತ್ರೆ ನುಂಗುವವನ ಕೈ ಬಿಗಿದು ಕೆಲಸ ನಿಧಾನವಾದರೆ ಸುಲಭವಾಗಿ ಬಾಯಿಗೆ ಬರುವುದು ಎರಡು ಮಾತು: ‘ಮೈಗಳ್ಳ’, ಇಲ್ಲವೇ ‘ಅವನ ಕರ್ಮ’.

ಮೊದಲನೆಯದು ಸುಳ್ಳು. ಎರಡನೆಯದನ್ನು ಶಾಸ್ತ್ರದಲ್ಲೇ ವಿಚಾರಿಸಬೇಕು.

ಜೀವ ನಿಜಕ್ಕೂ ಕರ್ತನೇ ಎಂದು ಚರ್ಚಿಸುವಾಗ ಬ್ರಹ್ಮಸೂತ್ರದ ಎರಡನೇ ಅಧ್ಯಾಯ ಒಬ್ಬ ಬಡಗಿಯನ್ನು ಕರೆತರುತ್ತದೆ. ಶಂಕರರ ಭಾಷ್ಯದಂತೆ, ಬಾಚಿ ಹಿಡಿದಾಗ ಅವನು ಕರ್ತ, ದುಃಖವೂ ಅವನದೇ; ಬಾಚಿ ಇಟ್ಟು ಮನೆ ಸೇರಿದರೆ ನಿರಾಳ. ಜೀವನಿಗೆ ಮನಸ್ಸು, ಇಂದ್ರಿಯಗಳೇ ಉಪಕರಣ. ಕರ್ತೃತ್ವ ಅವುಗಳ ಸಂಗದಿಂದ ಬಂದದ್ದು, ಹುಟ್ಟುಗುಣವಲ್ಲ.

ಔಷಧಿ ಕೈ ಹಾಕುವುದು ಈ ಉಪಕರಣಕ್ಕೇ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಬಳಸಿದ ಕ್ಲೋರ್‌ಪ್ರೊಮಜಿನ್, 1958ರಲ್ಲಿ ಬೆಲ್ಜಿಯಂನಲ್ಲಿ ತಯಾರಾದ ಹ್ಯಾಲೊಪೆರಿಡಾಲ್ ಮಿದುಳಿನಲ್ಲಿ ಡೋಪಮೀನಿಗೆ ತಡೆಯೊಡ್ಡಿ, ಇಲ್ಲದ ದನಿಗಳನ್ನು ತಗ್ಗಿಸುತ್ತವೆ. ಕೈಕಾಲು ಆಡಲಿಕ್ಕೂ ಅದೇ ಡೋಪಮೀನ್ ಬೇಕು. ಹಾಗಾಗಿ ಕೆಲವರಿಗೆ ಪಾರ್ಕಿನ್‌ಸನ್ ರೋಗದ ಹಾಗೆ ನಡುಕ, ಬಿಗಿತ. ವರ್ಷಗಟ್ಟಲೆ ನುಂಗಿದ ಕೆಲವರಿಗೆ ನಾಲಿಗೆ, ತುಟಿ ತಾವಾಗಿ ಆಡುವ ತೊಂದರೆ. ಅಕಥೀಸಿಯಾ ಇನ್ನೂ ಕಠಿಣ: ಕೂತಲ್ಲಿ ಕೂರಲಾಗದು, ಒಳಗಿನಿಂದ ಯಾವುದೋ ಎಬ್ಬಿಸುತ್ತದೆ. ನಡೆಯುವವನು ಅವನೇ, ನಡೆಸುವವನು ಅವನಲ್ಲ. ಬಡಗಿ ಬಾಚಿಯನ್ನಾದರೂ ಕೆಳಗಿಟ್ಟಾನು. ಇವನು ಕಾಲನ್ನು ಎಲ್ಲಿಡಬೇಕು?

ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ತಮಿಳುನಾಡಿನ ವಯಸ್ಸಾದ ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿಯನ್ನೇ ಕಾಣದವರಲ್ಲಿ ನೂರಕ್ಕೆ 38 ಮಂದಿಗೆ ಇಂಥ ಅನೈಚ್ಛಿಕ ಚಲನೆ ಇತ್ತು. ಔಷಧಿ ತೆಗೆದುಕೊಂಡವರಲ್ಲಿ 41. ಒಂದಿಷ್ಟು ಪಾಲು ರೋಗದ್ದೇ.

ರೋಗ ಒಂದು ಕಡೆ, ಔಷಧಿ ಇನ್ನೊಂದು ಕಡೆ ಹಿಡಿದೆಳೆಯುವ ಕೈಯ ಲೆಕ್ಕವನ್ನು ಅವನ ಪಾಪಪುಣ್ಯದ ಖಾತೆಗೆ ಬರೆಯುವುದು ಶಾಸ್ತ್ರದ ಸೋಮಾರಿ ಓದು. ಹಿಂದಿನ ಜನ್ಮದ ಪ್ರಾರಬ್ಧ ಎನ್ನುವವರುಂಟು. ಜ್ವರ ಬಂದರೆ ಅವರೂ ಮಾತ್ರೆ ನುಂಗುತ್ತಾರಲ್ಲ!

ಬಿಗಿತಕ್ಕೆ ಉಪಾಯವಿದೆ: ವೈದ್ಯರು ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು, ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಕೊಡಬಹುದು. ಅಡ್ಡಪರಿಣಾಮ ತಿಳಿದು ಒಪ್ಪುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಮನೆಯವರು ಮಾತ್ರೆಯನ್ನು ತಾವೇ ನಿಲ್ಲಿಸದೆ, ಕೈ ಬಿಗಿಯುತ್ತಿದೆ, ಕಾಲು ನಿಲ್ಲುತ್ತಿಲ್ಲ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಲಿ.