ಮಗುವನ್ನು ಬಿಟ್ಟುಹೋಗದ ನಾಯಿ

(ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದ 14ರಿಂದ 29ನೆಯ ವಚನಗಳನ್ನು ಮೊದಲು ಓದಿರಿ.)



ಈ ವಚನಗಳಲ್ಲಿ ಒಬ್ಬ ತಂದೆಯು ತನ್ನ ಮಗನನ್ನು ಕರ್ತನ ಬಳಿಗೆ ತರುವದನ್ನು ಕಾಣುತ್ತೇವೆ. ಆ ಹುಡುಗನು ಚಿಕ್ಕಂದಿನಿಂದಲೇ ನೆಲಕ್ಕೆ ಬಿದ್ದು ಒದ್ದಾಡುವವನು. ಅನೇಕ ಸಾರಿ ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬಿದ್ದವನು. ಸುತ್ತಲೂ ಗುಂಪು ಕೂಡಿತ್ತು, ಶಾಸ್ತ್ರಿಗಳು ತರ್ಕಮಾಡುತ್ತಿದ್ದರು; ಆದರೆ ಅವನಿಗೆ ಸಹಾಯವಾದವನು ಒಬ್ಬನೂ ಇರಲಿಲ್ಲ. ಕರ್ತನಾದರೋ, ಇದು ಎಷ್ಟು ಕಾಲದಿಂದ ಹೀಗಿದೆ ಎಂದು ತಂದೆಯನ್ನು ವಿಚಾರಿಸಿದನು. ಕಡೆಗೆ ಹುಡುಗನನ್ನು ಕೈಹಿಡಿದು ಎಬ್ಬಿಸಿದನು.

ಬೆಂಕಿ ನೀರುಗಳ ಈ ಭಯವು ನಮ್ಮ ಸೀಮೆಯ ತಾಯಂದಿರಿಗೆ ಹೊಸದಲ್ಲ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕೃಷಿ ಹೊಂಡಗಳುಂಟು. ಬಬಲೇಶ್ವರದ ಹೊಲಗಳಲ್ಲಿ ಬಾವಿಗಳುಂಟು. ವಿಜಯಪುರದ ಬೀದಿಗಳಲ್ಲಿ ವಾಹನಗಳ ಓಟವುಂಟು. ಆಟಿಸಂ ಇರುವ ಮಗುವು ಕರೆದರೆ ತಿರುಗಿ ನೋಡದೆ ಇರಬಹುದು, ಮಾತು ತಡವಾಗಬಹುದು, ಗದ್ದಲವನ್ನು ತಾಳಲಾರದೆ ತಟ್ಟನೆ ಓಡಿಹೋಗಬಹುದು. ಇಂಥ ಅನೇಕ ಮಕ್ಕಳಿಗೆ ನೀರನ್ನು ಕಂಡರೆ ಬಲು ಆಶೆ. ಇದರೊಂದಿಗೆ ಮೂರ್ಛೆರೋಗವೂ ಕೂಡುವದು ಅಪರೂಪವಲ್ಲ. ಆಗ ಆ ಮನೆಯ ತಾಯಿಗೆ ಹಗಲು ನೆಮ್ಮದಿಯಿಲ್ಲ, ರಾತ್ರಿ ನಿದ್ರೆಯಿಲ್ಲ.

ದೇವರು ಇಂಥವರಿಗೆ ಒಂದು ಮೂಕ ಪ್ರಾಣಿಯ ಮೂಲಕವೂ ಸಹಾಯವನ್ನು ಒದಗಿಸಿದ್ದಾನೆ. ಕೆನಡಾ ದೇಶದಲ್ಲಿ 1990ರ ದಶಕದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿಯೇ ನಾಯಿಗಳನ್ನು ಪಳಗಿಸತೊಡಗಿದರು. ನಾಯಿಯ ಮೈಗೆ ಪಟ್ಟಿಯನ್ನು ತೊಡಿಸಿ, ಮಗುವಿನ ನಡುಪಟ್ಟಿಯನ್ನು ಅದಕ್ಕೆ ಜೋಡಿಸುತ್ತಾರೆ. ನಾಯಿಯ ಹಗ್ಗವು ದೊಡ್ಡವರ ಕೈಯಲ್ಲಿರುತ್ತದೆ. ಮಗುವು ಓಡಹೋದರೆ ನಾಯಿಯು ಕಾಲೂರಿ ನಿಲ್ಲುತ್ತದೆ. ಮೂರ್ಛೆ ಬಂದಾಗ ಬೊಗಳಿ ಮನೆಯವರನ್ನು ಕರೆಯುವದನ್ನೂ ಕೆಲವು ನಾಯಿಗಳಿಗೆ ಕಲಿಸುತ್ತಾರೆ. ಮೂರ್ಛೆಯ ಕಾಲದಲ್ಲಿ ರೋಗಿಯ ಶರೀರದಿಂದ ಒಂದು ಬೇರೆ ವಾಸನೆ ಹೊರಡುತ್ತದೆಂದೂ ನಾಯಿಯ ಮೂಗು ಅದನ್ನು ಗುರುತಿಸಬಲ್ಲದೆಂದೂ ಫ್ರಾನ್ಸಿನ ಸಂಶೋಧಕರು 5 ನಾಯಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಆದರೂ ಮೂರ್ಛೆಯನ್ನು ಮುಂಚಿತವಾಗಿ ತಿಳಿಸುವದನ್ನು ನಾಯಿಗೆ ಖಂಡಿತವಾಗಿ ಕಲಿಸಬಹುದೆಂದು ಯಾರೂ ನಂಬಿಕೊಳ್ಳಬಾರದು.

ಹಾಗಾದರೆ ಒಂದು ಮರಿಯನ್ನು ತಂದು ಮನೆಯಲ್ಲಿ ಕಟ್ಟಿದರೆ ಸಾಕೋ? ಸಾಲದು. ನಮ್ಮ ನೆರೆಯ ಮುಧೋಳದ ನಾಯಿಯು ಕೀರ್ತಿ ಪಡೆದದ್ದೇ. ಆದರೆ ಅದು ಬೇಟೆಯ ತಳಿ, ಓಡುವದನ್ನು ಕಂಡರೆ ಬೆನ್ನಟ್ಟುವ ಸ್ವಭಾವದ್ದು. ಈ ಕೆಲಸಕ್ಕೆ ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಶಾಂತ ಗುಣದವುಗಳನ್ನು ಆರಿಸಿ ಬಹುಕಾಲ ಪಳಗಿಸುತ್ತಾರೆ, ಖರ್ಚೂ ಬಹಳ. ಪಳಗದ ನಾಯಿಯ ಕಾವಲಿಗೆ ಮಗುವನ್ನು ಒಪ್ಪಿಸಬೇಡಿರಿ.

ಬಡವರ ಮನೆಗೆ ಅಂಥ ನಾಯಿ ಬರುವದು ಕಷ್ಟ. ಆದರೆ ಅದು ಮಾಡುವ ಕೆಲಸವನ್ನು ಸಭೆಯು ಮಾಡಬಹುದಲ್ಲವೋ? ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ಕೇಳಿದರು. ಕರ್ತನು ಆ ಎಣಿಕೆಯನ್ನೇ ತಳ್ಳಿಬಿಟ್ಟನು. ನಾಯಿಯು ಅಂಥ ಪ್ರಶ್ನೆಯನ್ನು ಕೇಳುವದೇ ಇಲ್ಲ. ಮಗುವು ಕಿರುಚಿದರೆ ಅದು ನಾಚುವದಿಲ್ಲ, ಎದ್ದುಹೋಗುವದಿಲ್ಲ. ನಾವಾದರೋ ಆರಾಧನೆಯ ಮಧ್ಯದಲ್ಲಿ ಇಂಥ ಮಗುವು ಕೂಗಿದರೆ ಹಿಂದಿರುಗಿ ದುರುಗುಟ್ಟಿ ನೋಡುತ್ತೇವೆ. ಮುಂದಿನ ಭಾನುವಾರ ಆ ತಾಯಿಯು ಬಾರದೆ ಹೋದರೆ ಯಾಕೆಂದು ವಿಚಾರಿಸುವದಿಲ್ಲ. ಈ ತಪ್ಪು ನಮ್ಮದು.

ಆದಕಾರಣ ಆ ಮಗುವಿಗೆ ದೆವ್ವ ಹಿಡಿದದೆ ಎಂದು ಹೇಳುವದನ್ನೂ ಹೊಡೆಯುವದನ್ನೂ ಬಿಡೋಣ. ಪ್ರಾರ್ಥಿಸೋಣ, ಆದರೆ ಪ್ರಾರ್ಥಿಸಿದೆವೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ಮೂರ್ಛೆಯು ಹೆಚ್ಚಾಗಿ ಪ್ರಾಣಕ್ಕೇ ಅಪಾಯವಾದೀತು. ಮೂರ್ಛೆ ಬಂದಾಗ ಕಬ್ಬಿಣ ಹಿಡಿಸುವದೂ ಚಪ್ಪಲಿ ಮೂಸಿಸುವದೂ ಬೇಡ; ಬಾಯಲ್ಲಿ ಏನನ್ನೂ ಇಡಬೇಡಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಮಗ್ಗುಲಾಗಿ ಮಲಗಿಸಿ, ಗಡಿಯಾರವನ್ನು ನೋಡಿರಿ. 5 ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಓದುಬರಹ ಬಲ್ಲವರು ಆ ತಂದೆತಾಯಿಗಳ ಸಂಗಡ ಜಿಲ್ಲಾ ಆಸ್ಪತ್ರೆಗೆ ಹೋಗಿ ಪ್ರಮಾಣಪತ್ರವನ್ನು ಮಾಡಿಸಿಕೊಡಲಿ. ಹೊಂಡವುಳ್ಳವರು ಬೇಲಿ ಹಾಕಲಿ. ವಾರಕ್ಕೊಂದು ಸಂಜೆ ಯಾರಾದರೂ ಮಗುವಿನ ಬಳಿ ಕೂತು, ತಾಯಿಯು ಒಂದು ಗಳಿಗೆ ಮಲಗುವಂತೆ ಮಾಡಲಿ.

ಅಂದು ಆ ತಂದೆಯು ಕಣ್ಣೀರಿನಿಂದ, ನಂಬಿಕೆಯೂ ಅಪನಂಬಿಕೆಯೂ ಕೂಡಿದ ಮನಸ್ಸಿನಿಂದ ಬಂದನು. ಕರ್ತನು ಅವನನ್ನು ತಳ್ಳಲಿಲ್ಲ. ಅಂಥ ತಂದೆತಾಯಿಗಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ತರ್ಕಮಾಡುವ ಗುಂಪಿನಲ್ಲಿ ನಾವು ನಿಲ್ಲದೆ, ಕೈಹಿಡಿದು ಎಬ್ಬಿಸಿದಾತನ ಸಂಗಡ ನಿಲ್ಲುವಂತೆ ದೇವರು ನಮಗೆ ಕೃಪೆಮಾಡಲಿ. ಆಮೆನ್.